ಹದಿಹರೆಯದ ಮಕ್ಕಳಿಗೆ ಪಾಕಿಸ್ತಾನದ ಕಲೆ ಪರಿಚಯಿಸಬೇಕು, ಎಲ್ಲಿಂದ ಶುರು ಮಾಡಲಿ?

ಬ್ರಾಡ್‌ಫರ್ಡ್_ಅಮ್ಮ

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ, ಊರು ತುಮಕೂರು. ಇಲ್ಲಿನ ನಮ್ಮ ಬಡಾವಣೆ ಲೈಬ್ರರಿಯಲ್ಲಿ ಶನಿವಾರ ಮಧ್ಯಾಹ್ನ 13ರಿಂದ 16 ವರ್ಷದ ಮಕ್ಕಳು ಸೇರುತ್ತಾರೆ. ಅದನ್ನು ನಡೆಸುವವರಲ್ಲಿ ನಾನೂ ಒಬ್ಬಳು, ನನ್ನ ಮಗಳೂ ಬರುತ್ತಾಳೆ. ಮುಂದಿನ ತಿಂಗಳು ನಾಲ್ಕು ಶನಿವಾರ ಪಾಕಿಸ್ತಾನದ ಕಲೆ, ಸಂಸ್ಕೃತಿಗೆ ಮೀಸಲು. ಗುಂಪಿನ ಅರ್ಧಕ್ಕರ್ಧ ಮಕ್ಕಳ ಅಜ್ಜ ಅಜ್ಜಿ ಅಲ್ಲಿಂದ ಬಂದವರು. ಉಳಿದವರು ಪೋಲೆಂಡಿನವರು, ಬಾಂಗ್ಲಾದವರು, ಇಲ್ಲಿಯವರೇ ಇಂಗ್ಲಿಷರು.

ಇಂಥ ಕಾರ್ಯಕ್ರಮ ಬೇರೆ ಕಡೆ ನೋಡಿದ್ದೇನೆ. ಬಾವುಟದ ಚಿತ್ರ, ಬಾದ್‌ಶಾಹಿ ಮಸೀದಿಯ ಫೋಟೊ, ತಲೆಗೊಂದು ಸಮೋಸಾ, ಮುಗಿಯಿತು. ಮಕ್ಕಳು ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಪಾಕಿಸ್ತಾನ ಮೂಲದ ಮಕ್ಕಳಿಗೇ ಮುಜುಗರ ಜಾಸ್ತಿ. "ಇದು ನಿಮ್ಮದು, ಹೆಮ್ಮೆ ಪಡಿ" ಅಂತ ಬೇರೆಯವರು ಹೇಳಿದರೆ ಆ ವಯಸ್ಸಿನಲ್ಲಿ ಯಾರಿಗೆ ಖುಷಿಯಾಗುತ್ತದೆ ಹೇಳಿ?

ನನಗೆ ಗೊತ್ತಿರುವುದು ಗಜಲ್, ಖವ್ವಾಲಿ ಅಷ್ಟೇ. ಮಕ್ಕಳಿಗೆ ಹಿಡಿಸುವಂಥದ್ದು ಏನಿದೆ? ಕೈಯಲ್ಲಿ ಮಾಡಿ ನೋಡುವಂಥದ್ದು ಇದ್ದರೆ ಇನ್ನೂ ಒಳ್ಳೆಯದು.

ಹಾಡುಹಕ್ಕಿ

ಗಜಲ್ ಬೇಡ ಅಕ್ಕ. ಮೆಹದಿ ಹಸನ್ ಅಂದ್ರೆ ನನಗೆ ಪ್ರಾಣ, ಆದರೂ ಹೇಳುತ್ತೇನೆ, 14ರ ಹುಡುಗರಿಗೆ ಮೊದಲ ದಿನವೇ ಬೇಡ. ನಿಧಾನದ ಹಾಡು, ಉರ್ದುವಿನ ಅರ್ಥ ಬಿಡಿಸಬೇಕು, ಅಷ್ಟರಲ್ಲಿ ಅವರ ಗಮನ ಎಲ್ಲೋ ಹೋಗಿರುತ್ತದೆ. ಖವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಅವರಿಂದ ಶುರು ಮಾಡಿ. ಲಾಹೋರಿನ ಆ ಧ್ವನಿ ಕೇಳಿ ತಲೆದೂಗದವರನ್ನು ನಾನು ಕಂಡಿಲ್ಲ.

ಶಾರ್ಜಾ_ಕನ್ನಡಿಗ

ಲಾಹೋರ್ ಅಲ್ಲ, ಫೈಸಲಾಬಾದ್. 1948ರಲ್ಲಿ ಅವರು ಹುಟ್ಟಿದಾಗ ಊರಿನ ಹೆಸರು ಲಾಯಲ್‌ಪುರ. ಮನೆತನ ಜಲಂಧರದ್ದು, ದೇಶ ವಿಭಜನೆ ಆದಾಗ ಆ ಕಡೆ ಹೋದವರು.

ಬ್ರಾಡ್‌ಫರ್ಡ್ ಮೇಡಂ, ಇಂಗ್ಲೆಂಡಿನ ಮಕ್ಕಳಿಗೆ ಹೇಳಲು ಒಂದು ಒಳ್ಳೆಯ ವಿಷಯ ಇದೆ. ನುಸ್ರತ್ ಅವರ ಎಷ್ಟೋ ಕ್ಯಾಸೆಟ್‌ಗಳು ಹೊರಬಂದದ್ದು ಬರ್ಮಿಂಗ್‌ಹ್ಯಾಮ್‌ನ ಓರಿಯೆಂಟಲ್ ಸ್ಟಾರ್ ಏಜೆನ್ಸೀಸ್ ಎಂಬ ಕಂಪನಿಯಿಂದ. 1985ರಲ್ಲಿ ಎಸೆಕ್ಸ್‌ನ ಮರ್ಸಿ ದ್ವೀಪದಲ್ಲಿ ವೊಮ್ಯಾಡ್ ಎಂಬ ವಿಶ್ವ ಸಂಗೀತ ಉತ್ಸವದಲ್ಲಿ ಹಾಡಿದರು. ಒಂದು ಮಾತೂ ಅರ್ಥವಾಗದ ಇಂಗ್ಲಿಷರಿಗೂ ಅವರ ಹುಚ್ಚು ಹಿಡಿದದ್ದು ಅಲ್ಲಿಂದ ಮುಂದೆ. ಅಂದರೆ ಈ ಸಂಗೀತ ಆ ಮಕ್ಕಳು ಹುಟ್ಟುವ ಮೊದಲಿನಿಂದಲೂ ಇಂಗ್ಲೆಂಡಿನದ್ದೂ ಹೌದು.

ಹದಿನಾರು_ನಡೀತಿದೆ

ನನಗೆ 16, ಬೆಂಗಳೂರು. ಹದಿಹರೆಯದವರಿಗೆ ಏನು ಇಷ್ಟ ಅಂತ ದೊಡ್ಡವರೇ ಮಾತಾಡಿಕೊಳ್ಳುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಪಾಕಿಸ್ತಾನದ ಹಾಡುಗಳ ಹುಚ್ಚು ಹಿಡಿಸಿದ್ದು ಕೋಕ್ ಸ್ಟುಡಿಯೊ ಅನ್ನುವ ಅಲ್ಲಿನ ಸಂಗೀತ ಕಾರ್ಯಕ್ರಮ. ಯಾರೂ ಪರಿಚಯ ಮಾಡಿಸಲಿಲ್ಲ. ಒಂದು ಹಾಡು ಕೇಳಿದೆ, ಪಕ್ಕದಲ್ಲಿ ಇನ್ನೊಂದು ಬಂತು, ಮತ್ತೊಂದು ಬಂತು. ಗಾಯಕಿ ಆಬಿದಾ ಪರ್ವೀನ್ ಯಾರು ಅಂತ ಆಮೇಲೆ ನಾನೇ ಹುಡುಕಿದೆ. ಸಿಂಧಿ ಯಾವುದು, ಪಂಜಾಬಿ ಯಾವುದು ಅಂತ ಈಗ ಕೇಳಿದ ತಕ್ಷಣ ಗೊತ್ತಾಗುತ್ತದೆ.

ಹಾಡು ಹಾಕುವ ಮೊದಲು ದಯವಿಟ್ಟು ಭಾಷಣ ಮಾಡಬೇಡಿ ಆಂಟಿ. ಹಾಡು ಹಾಕಿ, ಸುಮ್ನೆ ಇರಿ. ಯಾರಾದರೂ "ಇದೇನು ಭಾಷೆ?" ಅಂತ ಕೇಳಿದರೆ ಆಗ ಹೇಳಿ. ಯಾರೂ ಕೇಳದಿದ್ದರೆ ಆ ಹಾಡು ಹಿಡಿಸಲಿಲ್ಲ, ಇನ್ನೊಂದು ಹಾಕಿ.

ಹಾಡುಹಕ್ಕಿ

ಕೋಕ್ ಸ್ಟುಡಿಯೊ ಚೆನ್ನಾಗಿದೆ ಪುಟ್ಟ, 2008ರಿಂದ ಕೇಳುತ್ತಿದ್ದೇನೆ. ಆದರೆ ಅದೇ ಸಾಕು ಅಂದುಕೊಂಡರೆ ಕಷ್ಟ. ಸಿಂಧಿನ ಭಿಟ್ ಶಾಹ್‌ನಲ್ಲಿ ಶಾ ಅಬ್ದುಲ್ ಲತೀಫರ ದರ್ಗಾ ಇದೆ. ಅವರು 1752ರಲ್ಲಿ ತೀರಿಕೊಂಡವರು. ಅಲ್ಲಿ ಫಕೀರರು ಕಪ್ಪು ಬಟ್ಟೆ ತೊಟ್ಟು, ದಂಬೂರೋ ಮೀಟುತ್ತಾ ಅವರ ಪದಗಳನ್ನು ಇವತ್ತಿಗೂ ರಾತ್ರಿಯಿಡೀ ಹಾಡುತ್ತಾರೆ. ತೀರಾ ಎತ್ತರದ, ಹೆಂಗಸರ ದನಿಯಂಥ ಸ್ವರದಲ್ಲಿ ಹಾಡುತ್ತಾರೆ. ಲತೀಫರ ಕಾವ್ಯದಲ್ಲಿ ಮಾತಾಡುವವರು ಹೆಂಗಸರು: ಸಸ್ಸುಯಿ, ಮಾರುಯಿ, ಸೋಹ್ಣಿ, ಮೂಮಲ್. ಸ್ಟುಡಿಯೊ ಹಾಡಿಗೆ ಬೇರು ಇಂಥ ಕಡೆ ಇದೆ ಅಂತ ಮಕ್ಕಳಿಗೆ ಗೊತ್ತಾಗಬೇಕಲ್ಲ.

ಹದಿನಾರು_ನಡೀತಿದೆ

ಗೊತ್ತಾಗಲಿ. ಬೇರು ಎರಡನೇ ವಾರಕ್ಕೆ ಇರಲಿ ಅಂದೆ ಅಷ್ಟೇ. (ಆ ಎತ್ತರದ ಸ್ವರ ಈಗ ಕೇಳಿದೆ. ಮೈ ಜುಂ ಅಂತು.)

ನೇರ_ಮಾತು

ಒಂದು ಪ್ರಶ್ನೆ. ನಮ್ಮ ಮಕ್ಕಳಿಗೆ ಯಕ್ಷಗಾನ, ಡೊಳ್ಳು ಕುಣಿತ ಗೊತ್ತಿಲ್ಲ. ಅದು ಬಿಟ್ಟು ಪಾಕಿಸ್ತಾನದ್ದು ಯಾಕೆ? ಆ ದೇಶ ನಮಗೆ ಮಾಡಿದ್ದು ಮರೆತುಹೋಯಿತಾ?

ಬ್ರಾಡ್‌ಫರ್ಡ್_ಅಮ್ಮ

ಮರೆತಿಲ್ಲ ಸರ್. ನನ್ನ ಚಿಕ್ಕಪ್ಪ ಸೇನೆಯಲ್ಲಿದ್ದವರು. ಆದರೆ ಇಲ್ಲಿ ನನ್ನ ಮಗಳ ಬೆಂಚಿನಲ್ಲಿ ಕೂರುವ ಹುಡುಗಿಯ ಅಜ್ಜಿ ನಮಗೆ ಕಷ್ಟ ಬಂದಾಗ ದಿನವೂ ಊಟ ಕಳಿಸಿದವರು. ಅವರ ಮನೆಯ ಹಾಡು, ಕಸೂತಿ ತಿಳಿದುಕೊಂಡರೆ ನನ್ನ ಮಗಳ ಕನ್ನಡ ಕಡಿಮೆಯಾಗುವುದಿಲ್ಲ. ದೀಪಾವಳಿಗೆ ಅದೇ ಲೈಬ್ರರಿಯಲ್ಲಿ ನಮ್ಮ ಮಕ್ಕಳು ಕೋಲಾಟ ಆಡಿದಾಗ ಕೋಲು ಹಿಡಿದು ಮುಂದೆ ಬಂದವರಲ್ಲಿ ಆ ಹುಡುಗಿಯೂ ಇದ್ದಳು.

ನೇರ_ಮಾತು

ನೆರೆಹೊರೆಯವರ ವಿಷಯ ಒಪ್ಪುತ್ತೇನೆ. ಸರ್ಕಾರಿ ಪ್ರಚಾರದ ಸಾಮಗ್ರಿ ಮಾತ್ರ ತರಬೇಡಿ. ಜನರ ಕಲೆ ತನ್ನಿ, ತಕರಾರಿಲ್ಲ.

ಲಾರಿ_ಮಾಲೀಕ

ಟ್ರಕ್ ಆರ್ಟ್ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲವಲ್ಲ! ನನಗೆ ದಾವಣಗೆರೆಯಲ್ಲಿ ಲಾರಿ ವ್ಯವಹಾರ. ಪಾಕಿಸ್ತಾನದ ಲಾರಿಗಳ ವಿಡಿಯೊ ನೋಡುತ್ತಾ ರಾತ್ರಿ ಕಳೆದದ್ದಿದೆ.

ನಮ್ಮ ಲಾರಿಗೆ ನಾವು ಏನು ಮಾಡುತ್ತೇವೆ? ಮುಂದೆ ದೇವರ ಹೆಸರು, ಹಿಂದೆ "ತಾಯಿಯ ಆಶೀರ್ವಾದ", ಒಂದು ದೃಷ್ಟಿಗೊಂಬೆ, ಮೆಣಸಿನಕಾಯಿ ನಿಂಬೆಹಣ್ಣು. ಅವರು ಇಡೀ ಗಾಡಿಯನ್ನೇ ಮದುವಣಗಿತ್ತಿಯ ಹಾಗೆ ಸಿಂಗರಿಸುತ್ತಾರೆ. ಕ್ಯಾಬಿನ್ ಮೇಲೆ ಮುಂದಕ್ಕೆ ಬಾಗಿದ ದೊಡ್ಡ ಕಿರೀಟ ಇರುತ್ತದೆ, ಅದಕ್ಕೆ ತಾಜ್ ಅನ್ನುತ್ತಾರೆ. ಕೆಳಗೆ ಬಂಪರಿಗೆ ಸಾಲಾಗಿ ಸರಪಳಿ, ಗಾಡಿ ಓಡುವಾಗ ಝಣಝಣ ಅನ್ನುತ್ತದೆ. ಹಿಂದಿನ ಹಲಗೆಯ ಮೇಲೆ ನವಿಲು, ಚಕೋರ, ಹುಲಿ, ಹೆಣ್ಣಿನ ಕಣ್ಣು, ಸಿನಿಮಾ ನಟಿ, ಸೇನಾಧಿಕಾರಿ. ಪಕ್ಕದಲ್ಲಿ ಎರಡು ಸಾಲು ಶಾಯರಿ. ದೃಷ್ಟಿ ತಾಗದಿರಲಿ ಅಂತ ಅವರೂ ಹಳೆ ಚಪ್ಪಲಿ, ಕಪ್ಪು ಬಟ್ಟೆ ಕಟ್ಟುತ್ತಾರೆ. ಅಷ್ಟರ ಮಟ್ಟಿಗೆ ನಾವೂ ಅವರೂ ಒಂದೇ.

ಊರಿಂದ ಊರಿಗೆ ಶೈಲಿ ಬೇರೆ. ಸ್ವಾತ್, ಪೇಶಾವರದ ಕಡೆ ಮರದ ಬಾಗಿಲಿಗೆ ಕೆತ್ತನೆ ಜಾಸ್ತಿ. ರಾವಲ್ಪಿಂಡಿ ಕಡೆ ಚಮಕ್ ಪಟ್ಟಿ, ಅಂದರೆ ಹೊಳೆಯುವ ಟೇಪನ್ನು ಸಣ್ಣಸಣ್ಣದಾಗಿ ಕತ್ತರಿಸಿ ಅಂಟಿಸುವುದು. ಕರಾಚಿಯಲ್ಲಿ ಬಣ್ಣದ ಕೆಲಸದ ದೊಡ್ಡ ಗ್ಯಾರೇಜುಗಳಿವೆ. ಪೇಂಟರು, ಬಡಗಿ, ತಗಡಿನವನು, ಟೇಪಿನವನು, ಎಲ್ಲರೂ ಬೇರೆಬೇರೆ ಉಸ್ತಾದ್‌ಗಳು. ಹುಡುಗರು ಅವರ ಕೈಕೆಳಗೆ ಕೆಲಸ ಕಲಿಯುತ್ತಾರೆ. ಬಾಡಿ ಕಟ್ಟುವ ಖರ್ಚಿಗೆ ಹೆದರದ ಮಾಲೀಕರು ಅವರು, ಗಾಡಿ ಚೆನ್ನಾಗಿ ಕಂಡರೆ ಬಾಡಿಗೆ ಸಿಗುತ್ತದೆ ಅನ್ನುವ ನಂಬಿಕೆ.

ಮಕ್ಕಳಿಗೆ ಇದನ್ನೇ ಕೊಡಿ. ಒಂದೊಂದು ಶೂ ಡಬ್ಬ, ಪೇಂಟು, ರೇಡಿಯಂ ಟೇಪು. ಎರಡು ಗಂಟೆ ಯಾರೂ ಮೊಬೈಲ್ ಮುಟ್ಟುವುದಿಲ್ಲ.

ಕೋಲಾರ_ಚಿನ್ನ

ಲಾರಿಯಣ್ಣ, ಸೂಪರ್. ನಿಮ್ಮ ಗಾಡಿಗೂ ಹಾಗೆ ಮಾಡಿಸಿ, ಫೋಟೊ ಹಾಕಿ.

ಲಾರಿ_ಮಾಲೀಕ

ಎದುರಿನ ಗ್ಲಾಸಿನ ಮೇಲೆ ಅಷ್ಟೆತ್ತರ ಕಟ್ಟಲು ನಮ್ಮ ಆರ್‌ಟಿಒ ಬಿಡುವುದಿಲ್ಲ ತಮ್ಮ. ಹಿಂದಿನ ಹಲಗೆಗೆ ಒಂದು ನವಿಲು ಬರೆಸಬೇಕು ಅಂತ ಆಸೆ ಇದೆ. ಬರೆಯುವ ಪೇಂಟರ್ ಸಿಗುತ್ತಿಲ್ಲ, ಎಲ್ಲರೂ ಸ್ಟಿಕ್ಕರಿಗೆ ಹೋಗಿದ್ದಾರೆ.

ಚಿತ್ರಕಲಾ_ಮೇಷ್ಟ್ರು

ಟ್ರಕ್ ಆರ್ಟ್ ಒಳ್ಳೆಯ ಸಲಹೆ. ಆದರೆ ಬಣ್ಣ ಬಳಿದು ಮನೆಗೆ ಹೋದರೆ ಅದು ಕೈಕೆಲಸ ಆಯಿತು, ಅಷ್ಟೇ. ಒಂದು ಶನಿವಾರವಾದರೂ ನಿಧಾನದ ಕೆಲಸ ಕೊಡಿ. ಮಿನಿಯೇಚರ್, ಅಂದರೆ ಅತಿ ಸೂಕ್ಷ್ಮವಾಗಿ ಬರೆಯುವ ಪುಟ್ಟ ಚಿತ್ರ.

ಲಾಹೋರಿನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್ 1875ರಲ್ಲಿ ಮೇಯೊ ಸ್ಕೂಲ್ ಅಂತ ಶುರುವಾದದ್ದು. ಅಲ್ಲಿ ಮಿನಿಯೇಚರ್ ಚಿತ್ರಕಲೆಯನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡು ಪದವಿ ಮಾಡಬಹುದು. ಶಾಜಿಯಾ ಸಿಕಂದರ್ ಅಲ್ಲಿಯ ವಿದ್ಯಾರ್ಥಿನಿ. ವಿದ್ಯಾರ್ಥಿಯಾಗಿದ್ದಾಗಲೇ ಉದ್ದನೆಯ ಸುರುಳಿಯಂಥ ಒಂದು ಚಿತ್ರ ಬರೆದರು. ಅದರಲ್ಲಿ ರಾಜ ರಾಣಿ ಯಾರೂ ಇಲ್ಲ. ಇವತ್ತಿನ ಒಂದು ಮನೆ, ಕೋಣೆಯಿಂದ ಕೋಣೆಗೆ ಓಡಾಡುವ ಒಬ್ಬ ಹುಡುಗಿ. ಹಳೆಯ ಕೈ, ಹೊಸ ವಿಷಯ. ಹದಿಹರೆಯದ ಮಕ್ಕಳಿಗೆ ಇದು ನೇರ ತಾಗುತ್ತದೆ. ಅದೇ ಕಾಲೇಜಿನ ಇಮ್ರಾನ್ ಖುರೇಶಿ 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ತಾರಸಿಯ ನೆಲದ ಮೇಲೆಯೇ ಬರೆದರು. ದೂರದಿಂದ ರಕ್ತ ಚೆಲ್ಲಿದ ಹಾಗೆ, ಹತ್ತಿರ ಹೋದರೆ ಮಿನಿಯೇಚರಿನ ಎಲೆ, ಹೂವಿನ ಎಸಳು.

ಈಗ ಕೆಲಸದ ಮಾತು. ಈ ಚಿತ್ರಕ್ಕೆ ಬೇಕಾದ ಕಾಗದಕ್ಕೆ ವಸ್ಲಿ ಅನ್ನುತ್ತಾರೆ. ಅಂಗಡಿಯ ಹಾಳೆಯಲ್ಲ, ಮಾಡಿಕೊಳ್ಳಬೇಕು. ಗೋಧಿಹಿಟ್ಟಿನ ಅಂಟು ಕಾಯಿಸಿ, ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸುತ್ತಾರೆ. ನಡುವೆ ಗಾಳಿ ಗುಳ್ಳೆ ಉಳಿಯಬಾರದು. ಅಂಗೈಯಿಂದ ನಡುವಿನಿಂದ ಅಂಚಿಗೆ ತೀಡುತ್ತಾ ಬರಬೇಕು. ಭಾರ ಇಟ್ಟು ಒಣಗಿಸಿ, ಆಮೇಲೆ ಕವಡೆ ಅಥವಾ ನುಣುಪು ಕಲ್ಲಿನಿಂದ ಉಜ್ಜಬೇಕು. ಉಜ್ಜುತ್ತಾ ಹೋದಂತೆ ಹಾಳೆಗೆ ಒಂದು ಮಂದ ಹೊಳಪು ಬರುತ್ತದೆ, ಬೆರಳಿಗೆ ಅದು ಗೊತ್ತಾಗುತ್ತದೆ. ಮೈಸೂರು ಶೈಲಿಯ ಚಿತ್ರ ಕಲಿಸುವ ನನಗೆ ಈ ಉಜ್ಜುವ ಕೆಲಸ ಚೆನ್ನಾಗಿ ಗೊತ್ತು, ಅಲ್ಲಿಗೂ ಇಲ್ಲಿಗೂ ಹೆಚ್ಚು ದೂರವಿಲ್ಲ. ಕುಂಚ ಅಳಿಲಿನ ಬಾಲದ ಕೂದಲಿನದ್ದು. ಬಣ್ಣ ಕಪ್ಪೆಚಿಪ್ಪಿನಲ್ಲಿ. ನೆಲದ ಮೇಲೆ ಕೂತು, ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಾರೆ. ನೆರಳು ತರಲು ಚುಕ್ಕಿ, ಸಣ್ಣ ಗೆರೆ ಒಂದರ ಪಕ್ಕ ಒಂದು ಇಡುತ್ತಾ ಹೋಗುವುದಕ್ಕೆ ಪರ್ದಾಖ್ತ್ ಎನ್ನುತ್ತಾರೆ.

ಮಕ್ಕಳಿಗೆ ಒಂದು ಎಲೆ ಸಾಕು. ಅಂಗೈಯಗಲದ ಹಾಳೆ, ಒಂದೇ ಒಂದು ಎಲೆ, ಬರೀ ಚುಕ್ಕಿಯಿಂದ.

ಬ್ರಾಡ್‌ಫರ್ಡ್_ಅಮ್ಮ

ಮೇಷ್ಟ್ರೇ, ಇದನ್ನು ಪ್ರಿಂಟ್ ತೆಗೆದಿಟ್ಟುಕೊಂಡೆ. ಇಲ್ಲಿ ಲಿಸ್ಟರ್ ಪಾರ್ಕಿನಲ್ಲಿ ಕಾರ್ಟ್‌ರೈಟ್ ಹಾಲ್ ಅಂತ ಕಲಾ ಗ್ಯಾಲರಿ ಇದೆ, ದಕ್ಷಿಣ ಏಷ್ಯಾದ ಸಂಗ್ರಹ ಚೆನ್ನಾಗಿದೆ. ಅದರ ಪಕ್ಕದಲ್ಲೇ ಮೊಘಲ್ ಶೈಲಿಯ ನೀರಿನ ತೋಟ ಇದೆ. ಅಲ್ಲಿಗೇ ಕರೆದುಕೊಂಡು ಹೋಗಬಹುದು ಅನ್ನಿಸುತ್ತಿದೆ.

ಕೋಲಾರ_ಚಿನ್ನ

ಮೊಘಲ್ ಅಂದ್ರೆ ಪಾಕಿಸ್ತಾನ ಅಂತ ಆಗಿಬಿಡುತ್ತದಲ್ಲ? ಮೊಘಲರು ಆಗ್ರಾದಲ್ಲೂ ಇದ್ದರು, ದೆಹಲಿಯಲ್ಲೂ ಇದ್ದರು. ಮೊಹೆಂಜೊದಾರೊ ವಿಷಯವೂ ಹಾಗೇ. ಅದು ಯಾರದ್ದು?

ಚಿತ್ರಕಲಾ_ಮೇಷ್ಟ್ರು

ಜಾಗ ಸಿಂಧಿನ ಲಾರ್ಕಾನಾ ಜಿಲ್ಲೆಯದ್ದು. ಕುಣಿಯುವ ಹುಡುಗಿಯ ಕಂಚಿನ ಬೊಂಬೆ ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿದೆ, ಗಡ್ಡದ "ಪುರೋಹಿತ ರಾಜ" ಕರಾಚಿಯಲ್ಲಿದ್ದಾನೆ. ಎರಡೂ ತೀರಾ ಸಣ್ಣವು. ಹುಡುಗಿ ಸುಮಾರು 10.5 ಸೆಂಟಿಮೀಟರ್, ರಾಜ 17.5. ಮಕ್ಕಳಿಗೆ ಸ್ಕೇಲ್ ಹಿಡಿದು ತೋರಿಸಿ, ಬೆರಗಾಗುತ್ತಾರೆ. ಯಾರದ್ದು ಅಂತ ನೀವು ತೀರ್ಪು ಕೊಡಬೇಕಿಲ್ಲ. ಆ ಪ್ರಶ್ನೆಯನ್ನು ಅವರೇ ಕೇಳುತ್ತಾರೆ, ಅವರೇ ಜಗಳ ಆಡಲಿ.

ಭುಜ್_ಕನ್ನಡತಿ

ಆ ರಾಜನ ಶಾಲು ನೋಡಿ, ಮೂರೆಸಳಿನ ಗುರುತು ಇದೆ. ಅಜ್ರಕ್ ಬಟ್ಟೆಯ ಮೂಲ ಅದೇ ಅಂತ ಸಿಂಧಿಗಳು ಹೇಳುತ್ತಾರೆ. ನಾನು ಮದುವೆಯಾಗಿ ಕಛ್‌ಗೆ ಬಂದವಳು, ಇಲ್ಲಿ ಅಜ್ರಖ್‌ಪುರ ಅಂತ ಊರೇ ಇದೆ, 2001ರ ಭೂಕಂಪದ ನಂತರ ಬಟ್ಟೆಗೆ ಬಣ್ಣ ಹಾಕುವ ಖತ್ರಿಗಳು ಕಟ್ಟಿಕೊಂಡದ್ದು. ಗಡಿ ಬಂದು ನಡುವೆ ಕೂತಿತು, ಆದರೆ ಸಿಂಧ್‌ನಲ್ಲೂ ಕಛ್‌ನಲ್ಲೂ ಕೆಲಸ ಒಂದೇ.

ಬಟ್ಟೆ ತೊಳೆದು ಹದ ಮಾಡುವುದು, ಸುಣ್ಣ ಗೋಂದಿನ ಮಿಶ್ರಣವನ್ನು ಮರದ ಅಚ್ಚಿನಿಂದ ಒತ್ತುವುದು, ನೀಲಿಯಲ್ಲಿ ಅದ್ದುವುದು, ಮತ್ತೆ ತೊಳೆಯುವುದು, ಮಂಜಿಷ್ಠದ ಕೆಂಪಿನಲ್ಲಿ ಬೇಯಿಸುವುದು. ವಾರಗಟ್ಟಲೆ ಹಿಡಿಯುತ್ತದೆ. ನೀಲಿ ತೊಟ್ಟಿಯಿಂದ ಬಟ್ಟೆ ಹೊರಗೆ ತೆಗೆದಾಗ ಹಸಿರು ಹಳದಿ ಕಾಣುತ್ತದೆ, ಗಾಳಿ ತಾಗಿದ ಹಾಗೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ರಸಾಯನಶಾಸ್ತ್ರ ಓದುವ ಮಕ್ಕಳಿಗೆ ಇದಕ್ಕಿಂತ ಬೇರೆ ಪಾಠ ಬೇಕಾ?

ಸಿಂಧ್‌ನಲ್ಲಿ ಡಿಸೆಂಬರ್ ಮೊದಲ ಭಾನುವಾರ ಟೋಪಿ, ಅಜ್ರಕ್ ತೊಟ್ಟು ಸಂಸ್ಕೃತಿ ದಿನ ಆಚರಿಸುತ್ತಾರೆ. ಶುರುವಾದದ್ದು 2009ರಲ್ಲಿ. ನಿಮ್ಮೂರಲ್ಲಿ ಸಿಂಧಿಗಳಿದ್ದರೆ ಒಂದು ಅಜ್ರಕ್ ಇದ್ದೇ ಇರುತ್ತದೆ, ಕೇಳಿ ನೋಡಿ.

ಭಾಷೆ_ಹುಚ್ಚು

ಎಲ್ಲರೂ ಉರ್ದು, ಉರ್ದು ಅನ್ನುತ್ತಿದ್ದೀರಿ. 2017ರ ಜನಗಣತಿ ಪ್ರಕಾರ ಪಾಕಿಸ್ತಾನದಲ್ಲಿ ಉರ್ದು ಮನೆಮಾತಾಗಿರುವವರು ನೂರಕ್ಕೆ 7 ಜನ. ಪಂಜಾಬಿ ಸುಮಾರು 39, ಪಶ್ತೊ 18, ಸಿಂಧಿ 14ಕ್ಕೂ ಜಾಸ್ತಿ. ಬಲೂಚಿಸ್ತಾನದಲ್ಲಿ ಬ್ರಾಹುಯಿ ಇದೆ. ಅದು ನಮ್ಮ ಕನ್ನಡದ ಕುಟುಂಬದ್ದೇ, ದ್ರಾವಿಡ ಭಾಷೆ. ಕಲ್ಲಿಗೆ ಖಲ್, ಕಣ್ಣಿಗೆ ಖನ್, ಹಾಲಿಗೆ ಪಾಲ್. ಬ್ರಾಡ್‌ಫರ್ಡ್ ಮೇಡಂ ಮಗಳಿಗೆ ಇದು ಹೇಳಿ.

"ಪಾಕಿಸ್ತಾನದ ಸಂಸ್ಕೃತಿ" ಅಂತ ಒಂದೇ ಪೊಟ್ಟಣ ಕಟ್ಟಬೇಡಿ. ಮೊದಲು ಕೇಳಿ, ಆ ಮಕ್ಕಳ ಅಜ್ಜ ಅಜ್ಜಿ ಯಾವ ಊರಿನವರು?

ಬ್ರಾಡ್‌ಫರ್ಡ್_ಅಮ್ಮ

ಹೆಚ್ಚಿನವರು ಮೀರ್‌ಪುರದ ಕಡೆಯವರು. ಮನೆಯಲ್ಲಿ ಪಹಾಡಿ ಮಾತಾಡುತ್ತಾರೆ. ಉರ್ದು ಹಾಡು ಹಾಕಿದರೆ ಆ ಮಕ್ಕಳಿಗೂ ಅರ್ಧಂಬರ್ಧ ಅರ್ಥ.

ನೇರ_ಮಾತು

ಮೀರ್‌ಪುರ ಪಾಕಿಸ್ತಾನ ಅಲ್ಲ, ಅವರು ಹಿಡಿದುಕೊಂಡಿರುವ ಕಾಶ್ಮೀರ. ಇದನ್ನು ಸೇರಿಸದೆ ಬಿಡಲಾರೆ.

ನಿರ್ವಾಹಕ

ಸೇರಿಸಿದ್ದಾಯಿತು ಸರ್. ಗಡಿಯ ಚರ್ಚೆಗೆ ಬೇರೆ ಎಳೆ ಇದೆ, ಇಲ್ಲಿ ಮಕ್ಕಳ ವಿಷಯ ಮುಂದುವರಿಯಲಿ.

ಸಾಗರದ_ಹುಡುಗ

ಮೀರ್‌ಪುರ ಅಂದ ತಕ್ಷಣ ಬರೆಯಲೇಬೇಕು ಅನ್ನಿಸಿತು. ನಮ್ಮದು ಮುಳುಗಡೆ ಕುಟುಂಬ. ಲಿಂಗನಮಕ್ಕಿ ನೀರು ನಿಂತದ್ದು 1964ರಲ್ಲಿ, ನಮ್ಮ ಅಜ್ಜನ ಮನೆ, ಅಡಿಕೆ ತೋಟ ಎಲ್ಲ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಅದೇ ಹೊತ್ತಿಗೆ ಅಲ್ಲಿ ಝೇಲಂ ನದಿಗೆ ಮಂಗಲಾ ಅಣೆಕಟ್ಟು ಕಟ್ಟಿದರು. ಹಳೆ ಮೀರ್‌ಪುರ ಪೇಟೆ ಪೂರ್ತಿ ಮುಳುಗಿತು. ಲಕ್ಷಕ್ಕೂ ಜಾಸ್ತಿ ಜನ ಮನೆ ಕಳೆದುಕೊಂಡರು. ಅವರಲ್ಲಿ ಬಹಳ ಜನ ಬ್ರಿಟನ್ನಿನ ಬಟ್ಟೆ ಗಿರಣಿಗಳ ಕೆಲಸಕ್ಕೆ ಹೊರಟರು. ಬ್ರಾಡ್‌ಫರ್ಡ್‌ಗೆ ಬಂದವರು ಅವರೇ.

ಬೇಸಿಗೆಯಲ್ಲಿ ನೀರು ಇಳಿದರೆ ನಮ್ಮಲ್ಲಿ ಮಡೆನೂರಿನ ಹಳೆ ಅಣೆಕಟ್ಟು ಮೇಲೆ ಬರುತ್ತದೆ, ಜನ ನೋಡಲು ಹೋಗುತ್ತಾರೆ. ಅಲ್ಲೂ ನೀರು ಇಳಿದಾಗ ಹಳೆ ಊರಿನ ದರ್ಗಾ, ದೇವಸ್ಥಾನ ಕಾಣುತ್ತವಂತೆ, ಊರವರು ಹೋಗಿ ಬರುತ್ತಾರೆ.

ಅಕ್ಕ, ಆ ಮಕ್ಕಳಿಗೆ ತಮ್ಮ ಅಜ್ಜ ಯಾಕೆ ಊರು ಬಿಟ್ಟರು ಅನ್ನುವುದೇ ಗೊತ್ತಿಲ್ಲದಿರಬಹುದು. ನನಗೂ ಹತ್ತನೇ ಕ್ಲಾಸಿನವರೆಗೆ ಗೊತ್ತಿರಲಿಲ್ಲ, ಮನೆಯಲ್ಲಿ ಯಾರೂ ಮಾತೇ ಎತ್ತುತ್ತಿರಲಿಲ್ಲ. ಲಾಹೋರಿನ ಮಸೀದಿಗಿಂತ ಮೊದಲು ಈ ಕಥೆ ಬರಬೇಕು.

ಶಾರ್ಜಾ_ಕನ್ನಡಿಗ

ಇದು ಸರಿಯಾದ ಮಾತು. ಆ ಸೀಮೆಗೆ ತನ್ನದೇ ಕವಿಯೂ ಇದ್ದಾರೆ. ಮಿಯಾನ್ ಮುಹಮ್ಮದ್ ಬಖ್ಷ್, 1907ರಲ್ಲಿ ತೀರಿಕೊಂಡವರು. ದರ್ಗಾ ಮೀರ್‌ಪುರದ ಹತ್ತಿರದ ಖಡೀ ಶರೀಫ್‌ನಲ್ಲಿದೆ. ಅವರು ಬರೆದ ಸೈಫುಲ್ ಮಲೂಕ್ ಕಾವ್ಯದಲ್ಲಿ ರಾಜಕುಮಾರನೊಬ್ಬ ಪರಿಯನ್ನು, ಅಂದರೆ ಕಿನ್ನರಿಯನ್ನು, ಹುಡುಕಿಕೊಂಡು ಹೋಗುತ್ತಾನೆ. ನನ್ನ ಜೊತೆ ಕೆಲಸ ಮಾಡುವ ಮೀರ್‌ಪುರದವರೊಬ್ಬರು ಗಾಡಿ ಓಡಿಸುತ್ತಾ ಅದರ ಸಾಲು ಹಾಡುತ್ತಾರೆ. ಓದು ಬರಹ ಹೆಚ್ಚು ಕಲಿಯದವರು, ಆದರೆ ಪದ್ಯ ಬಾಯಲ್ಲೇ ಇದೆ. ನಿಮ್ಮ ಗುಂಪಿನ ಮಕ್ಕಳ ಅಜ್ಜಂದಿರಲ್ಲೂ ಒಬ್ಬರಿಗಾದರೂ ಬರುತ್ತದೆ, ಖಂಡಿತ.

ಮಕ್ಕಳ ಕೈಯಲ್ಲಿ ಹೇಗೂ ಮೊಬೈಲ್ ಇದೆ. ಅದರಲ್ಲೇ ಅಜ್ಜ ಅಜ್ಜಿ ಹಾಡುವುದನ್ನು ರೆಕಾರ್ಡ್ ಮಾಡಿಕೊಂಡು ಬರಲಿ.

ಹದಿನಾರು_ನಡೀತಿದೆ

ಇದು ನನಗೆ ತುಂಬ ಇಷ್ಟವಾಯಿತು. ಅದರ ಹಿಂದೆ ಬೀಟ್ ಸೇರಿಸಲು ಬಿಡಿ. ನಮ್ಮ ವಯಸ್ಸಿನವರಿಗೆ ಅದು ಬರುತ್ತದೆ.

ಹಾಡುಹಕ್ಕಿ

ಅಜ್ಜನ ದನಿಗೆ ಬೀಟ್ ಸೇರಿಸುವುದಾ! ಮೂಲ ರೆಕಾರ್ಡಿಂಗ್ ಒಂದು ಪ್ರತಿ ಹಾಗೇ ತೆಗೆದಿಡಿ ಮಾರಾಯ್ತಿ. ಆಮೇಲೆ ಏನು ಬೇಕಾದರೂ ಮಾಡಿ.

ಧಾರವಾಡ_ಫೇಡೆ

ಹಾಡಿನ ಮಾತು ಬಂದಿದ್ದಕ್ಕೆ ನಮ್ಮ ಕಡೆಯ ಒಂದು ನಂಟು. ರೋಶನ್ ಆರಾ ಬೇಗಂ ಅಂತ ದೊಡ್ಡ ಗಾಯಕಿ, 1948ರಲ್ಲಿ ಪಾಕಿಸ್ತಾನಕ್ಕೆ ಹೋದರು, ಲಾಲಾಮೂಸಾ ಎಂಬ ಸಣ್ಣ ಊರಿನಲ್ಲಿದ್ದರು, 1982ರಲ್ಲಿ ತೀರಿಕೊಂಡರು. ಅವರು ಹಿಂದೂಸ್ತಾನಿ ಗಾಯನದ ಕಿರಾನಾ ಘರಾನಾ ಎಂಬ ಪರಂಪರೆಯವರು, ಉಸ್ತಾದ್ ಅಬ್ದುಲ್ ಕರೀಂ ಖಾನರ ಸಂಬಂಧಿ ಮತ್ತು ಶಿಷ್ಯೆ. ಅದೇ ಕರೀಂ ಖಾನರ ಶಿಷ್ಯರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿಯವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅಂದರೆ ಲಾಲಾಮೂಸಾದ ಬೇಗಂ ಮತ್ತು ಹುಬ್ಬಳ್ಳಿಯ ಗಂಗೂಬಾಯಿ ಒಂದೇ ಮನೆತನದ ಗಾಯನದವರು. ಇಬ್ಬರ ಶುದ್ಧ ಕಲ್ಯಾಣ ಒಂದರ ಹಿಂದೆ ಒಂದು ಕೇಳಿ ನೋಡಿ. ನಿಮ್ಮ ಮಗಳು ಗುಂಪಿನಲ್ಲಿ ಬಾಯಿಬಿಡಲು ಇದು ಒಳ್ಳೆ ವಿಷಯ, ಅಲ್ವಾ?

ಬ್ರಾಡ್‌ಫರ್ಡ್_ಅಮ್ಮ

ಅವಳು ಭರತನಾಟ್ಯ ಕಲಿಯುತ್ತಿದ್ದಾಳೆ, ಹಾಡು ಕಡಿಮೆ. ಪಾಕಿಸ್ತಾನದಲ್ಲಿ ನೃತ್ಯ ಇದೆಯಾ ಅಂತ ಅವಳೇ ಕೇಳಿದಳು.

ಧಾರವಾಡ_ಫೇಡೆ

ಇದೆ. ಕರಾಚಿಯಲ್ಲಿ ಶೀಮಾ ಕೆರ್ಮಾನಿ ಭರತನಾಟ್ಯ, ಒಡಿಸ್ಸಿ ಎರಡನ್ನೂ ಕಲಿಸುತ್ತಾ ಬಂದಿದ್ದಾರೆ. ಸೇನಾ ಸರ್ವಾಧಿಕಾರಿ ಜಿಯಾ ಉಲ್ ಹಕ್ ಕಾಲದಲ್ಲಿ ಹೆಂಗಸರು ವೇದಿಕೆಯಲ್ಲಿ ಕುಣಿಯುವುದೇ ಕಷ್ಟವಾಗಿತ್ತು, ಆಗಲೂ ಬಿಡಲಿಲ್ಲ. ಕಥಕ್‌ನ ನಾಹಿದ್ ಸಿದ್ದೀಕಿ ಅವರ ಟಿವಿ ಕಾರ್ಯಕ್ರಮ ಆಗ ನಿಂತುಹೋಯಿತು, ಅವರು ಇಂಗ್ಲೆಂಡಿಗೆ ಬಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕಲಿಸಿದರು.

2017ರ ಫೆಬ್ರವರಿಯಲ್ಲಿ ಸಿಂಧಿನ ಸೆಹ್ವಾನ್ ದರ್ಗಾದಲ್ಲಿ ಬಾಂಬ್ ಸಿಡಿದು ಎಷ್ಟೋ ಜನ ಸತ್ತರು. ಅಲ್ಲಿ ದಿನಾ ಸಂಜೆ ಧಮಾಲ್ ಕುಣಿತ ಇರುತ್ತದೆ. ಕೆಲವೇ ದಿನಗಳಲ್ಲಿ ಶೀಮಾ ಅಲ್ಲಿಗೇ ಹೋಗಿ ಧಮಾಲ್ ಕುಣಿದರು. ಹದಿನಾಲ್ಕರ ಹುಡುಗಿಯರಿಗೆ ಇದನ್ನು ಹೇಳದೆ ಇರಬೇಡಿ.

ಶಾರ್ಜಾ_ಕನ್ನಡಿಗ

ಹುಡುಗರಿಗೆ ಅತ್ತಣ್ ಕಲಿಸಿ. ಪಶ್ತೂನರ ಕುಣಿತ, ದೊಡ್ಡ ವೃತ್ತದಲ್ಲಿ ಡೋಲಿನ ಲಯಕ್ಕೆ. ನಿಧಾನಕ್ಕೆ ಶುರುವಾಗಿ ಕೊನೆಗೆ ಉಸಿರು ಕಟ್ಟುವಷ್ಟು ಜೋರು. ನಮ್ಮ ಕ್ಯಾಂಪಿನ ಹಿಂದೆ ಸ್ವಾತ್‌ನ ಹುಡುಗರು ಈದ್ ದಿನ ಕುಣಿದಾಗ ನನ್ನ ಮಗ ಸುಮ್ನೆ ನೋಡುತ್ತಾ ನಿಂತಿದ್ದ. ಒಬ್ಬರು ಬಂದು ಕೈ ಹಿಡಿದು ಎಳೆದುಕೊಂಡು ಹೋದರು. ಹೆಜ್ಜೆ ಯಾರೂ ವಿವರಿಸಲಿಲ್ಲ, ನಾಲ್ಕು ಸುತ್ತಿನಲ್ಲಿ ಬಂದುಬಿಟ್ಟಿತು.

ಕೋಲಾರ_ಚಿನ್ನ

ಸೀರಿಯಲ್ ಯಾರೂ ಹೇಳಲಿಲ್ಲ! ನಮ್ಮಮ್ಮ ಜಿಂದಗಿ ಚಾನೆಲ್‌ನಲ್ಲಿ ಪಾಕಿಸ್ತಾನದ ಧಾರಾವಾಹಿ ಬಿಡದೆ ನೋಡುತ್ತಿದ್ದರು. 2016ರಲ್ಲಿ ನಿಂತಾಗ ಬಹಳ ಬೇಜಾರು ಮಾಡಿಕೊಂಡರು. ಇಪ್ಪತ್ತೈದು ಕಂತಿಗೆ ಕಥೆ ಮುಗಿಯುತ್ತದೆ, ಎಳೆಯುವುದಿಲ್ಲ.

ಹದಿನಾರು_ನಡೀತಿದೆ

ಅತ್ತೆ ಸೊಸೆ, ಅಳುವುದು, ಮದುವೆ. ನಮ್ಮ ವಯಸ್ಸಿಗೆ ಬೇಡ. ಅನಿಮೇಷನ್ ತೋರಿಸಿ. 2024ರಲ್ಲಿ ಕರಾಚಿಯ ಉಸ್ಮಾನ್ ರಿಯಾಜ್ "ದಿ ಗ್ಲಾಸ್‌ವರ್ಕರ್" ಅಂತ ಸಿನಿಮಾ ಮಾಡಿದ್ದಾರೆ. ಪಾಕಿಸ್ತಾನದಲ್ಲಿ ಪೂರ್ತಿ ಕೈಯಲ್ಲೇ ಬರೆದ ಮೊದಲ ಅನಿಮೇಷನ್ ಸಿನಿಮಾ. ಗಾಜು ಊದುವ ಅಪ್ಪ ಮಗ, ಸುತ್ತ ಯುದ್ಧ. ಶುರು ಮಾಡಿ ಮುಗಿಸಲು ಹತ್ತು ವರ್ಷ ಹಿಡಿಯಿತು. ಸ್ಟುಡಿಯೊವನ್ನೂ ಅವರೇ ಕಟ್ಟಬೇಕಾಯಿತು. ಚಿತ್ರ ಬರೆಯುವ ನನ್ನ ಫ್ರೆಂಡ್ಸ್ ಎಲ್ಲ ಅದರ ತಯಾರಿಯ ವಿಡಿಯೊ ನೋಡಿದ್ದಾರೆ.

ಬ್ರಾಡ್‌ಫರ್ಡ್_ಅಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಸದ್ಯಕ್ಕೆ ಹೀಗೆ ಯೋಚಿಸಿದ್ದೇನೆ. ಮೊದಲ ಶನಿವಾರ ಟ್ರಕ್ ಆರ್ಟ್, ಹಿಂದೆ ನುಸ್ರತ್ ಮತ್ತು ಕೋಕ್ ಸ್ಟುಡಿಯೊ ಹಾಡು, ಭಾಷಣ ಇಲ್ಲ. ಎರಡನೆಯದು ಕಾರ್ಟ್‌ರೈಟ್ ಹಾಲ್ ನೋಡಿ ಬಂದು ವಸ್ಲಿ. ಮೂರನೆಯದು ಅತ್ತಣ್, ಖವ್ವಾಲಿಯ ಚಪ್ಪಾಳೆ. ನಾಲ್ಕನೆಯದು ಅಜ್ಜ ಅಜ್ಜಿಯರ ರೆಕಾರ್ಡಿಂಗ್, ಮಂಗಲಾ ಅಣೆಕಟ್ಟಿನ ಕಥೆ. ಅಜ್ರಕ್ ಇದರಲ್ಲಿ ಹಿಡಿಸಲಿಲ್ಲ, ಭುಜ್‌ನ ಅಕ್ಕ ಬೇಜಾರು ಮಾಡಿಕೊಳ್ಳಬೇಡಿ.

ಭುಜ್_ಕನ್ನಡತಿ

ಬೇಜಾರಿಲ್ಲ. ಅರೆಬರೆ ಮಾಡುವುದಕ್ಕಿಂತ ಬಿಡುವುದೇ ವಾಸಿ. ಒಂದು ಬಟ್ಟೆ ಮಾತ್ರ ಮೇಜಿನ ಮೇಲೆ ಹಾಸಿಡಿ, ಮುಟ್ಟಿ ನೋಡಲಿ.

ಸಾಗರದ_ಹುಡುಗ

ರೆಕಾರ್ಡಿಂಗ್ ಕೆಲಸ ಮೊದಲ ಶನಿವಾರವೇ ಹೇಳಿಬಿಡಿ ಅಕ್ಕ, ನಾಲ್ಕನೇ ವಾರಕ್ಕೆ ಇಟ್ಟರೆ ಆಗು‌ವುದಿಲ್ಲ. ಹಿರಿಯರು ಕೇಳಿದ ದಿನವೇ ಬಾಯಿ ಬಿಡುವುದಿಲ್ಲ. ನಮ್ಮಜ್ಜಿ "ಹೋಗೋ, ಅದೆಲ್ಲ ಯಾಕೆ ಈಗ" ಅಂದುಬಿಟ್ಟಿದ್ದರು. ಅಡಿಕೆ ಸುಲಿಯುತ್ತಾ ಪಕ್ಕದಲ್ಲಿ ಕೂತಾಗ ತಾವಾಗಿಯೇ ಹೇಳಲು ಶುರು ಮಾಡಿದರು. ಆ ಮಕ್ಕಳಿಗೂ ಹೇಳಿ: ಎದುರು ಕೂತು ಪ್ರಶ್ನೆ ಕೇಳಬೇಡಿ, ಅಡುಗೆಮನೆಯಲ್ಲಿ ಏನಾದರೂ ಕೆಲಸ ಮಾಡುತ್ತಾ ಕೇಳಿ. ಊರು ಮುಳುಗಿದ ನೋವು ಬಂದರೆ ರೆಕಾರ್ಡಿಂಗ್ ನಿಲ್ಲಿಸಲಿ. ಗುಂಪಿನಲ್ಲಿ ಕೇಳಿಸುವ ಮೊದಲು ಅವರ ಒಪ್ಪಿಗೆ ಬೇಕೇ ಬೇಕು.

ಚಿತ್ರಕಲಾ_ಮೇಷ್ಟ್ರು

ವಸ್ಲಿ ಬಗ್ಗೆ ಒಂದು ಎಚ್ಚರಿಕೆ. ಹುಳ ಹಿಡಿಯದಿರಲಿ ಅಂತ ಅಂಟಿಗೆ ಮೈಲುತುತ್ತ ಸೇರಿಸುವ ಪದ್ಧತಿ ಇದೆ, ವಿಡಿಯೊಗಳಲ್ಲೂ ತೋರಿಸುತ್ತಾರೆ. ಅದು ವಿಷ, ಮಕ್ಕಳ ಕೈಗೆ ಬೇಡ. ಬರೀ ಹಿಟ್ಟಿನ ಅಂಟು ಸಾಕು. ಒಣಗಲು ಒಂದು ರಾತ್ರಿ ಬೇಕು, ಹಾಗಾಗಿ ಹಾಳೆಗಳನ್ನು ನೀವು ಶುಕ್ರವಾರಕ್ಕೆ ಮೊದಲೇ ಅಂಟಿಸಿಡಿ. ಮಕ್ಕಳು ಒಂದೊಂದು ತಾವೂ ಅಂಟಿಸಿ ಮನೆಗೆ ಒಯ್ಯಲಿ, ಉಜ್ಜಲು ಮಾತ್ರ ಒಣಗಿದ್ದು ಕೊಡಿ. ಅಳಿಲಿನ ಕೂದಲಿನ ಕುಂಚ ಹುಡುಕಬೇಡಿ, ಸೊನ್ನೆ ನಂಬರಿನ ಸಿಂಥೆಟಿಕ್ ಕುಂಚ ನಡೆಯುತ್ತದೆ.

ಲಾರಿ_ಮಾಲೀಕ

ರೇಡಿಯಂ ಟೇಪು ಸೈಕಲ್ ಅಂಗಡಿಯಲ್ಲಿ ಸಿಗುತ್ತದೆ ಮೇಡಂ. ಕೆಂಪು, ಹಳದಿ, ಹಸಿರು ಮೂರೂ ತನ್ನಿ. ಹಿಂದಿನ ಹಲಗೆಯ ಶಾಯರಿ ಮಕ್ಕಳೇ ಬರೆಯಲಿ, ಯಾವ ಭಾಷೆಯಲ್ಲಾದರೂ.

ಹದಿನಾರು_ನಡೀತಿದೆ

ಆಂಟಿ, ಕೊನೆಯ ಶನಿವಾರ ಅಪ್ಪ ಅಮ್ಮಂದಿರ ಮುಂದೆ ಪ್ರದರ್ಶನ ಅಂತ ಏನಾದರೂ ಇದೆಯಾ? ಇದ್ದರೆ ತೆಗೆದುಹಾಕಿ. ವೇದಿಕೆ ಅಂದ ತಕ್ಷಣ ಅರ್ಧ ಜನ ಬರುವುದೇ ಇಲ್ಲ.

ಬ್ರಾಡ್‌ಫರ್ಡ್_ಅಮ್ಮ

ಇತ್ತು. ಲೈಬ್ರರಿಯವರು ಹಾಲ್ ಕೂಡ ಹಿಡಿದಿಟ್ಟಿದ್ದಾರೆ. ಮಕ್ಕಳನ್ನೇ ಕೇಳಿ, ಬೇಡ ಅಂದರೆ ಅದೇ ಹಾಲಿನಲ್ಲಿ ಅಜ್ಜ ಅಜ್ಜಿಯರನ್ನು ಚಹಾಕ್ಕೆ ಕರೆಯುತ್ತೇನೆ. ಅವರಿಗೆ ಹಾಡುವ ಮನಸ್ಸಾದರೆ ಹಾಡಲಿ.

ಶಾರ್ಜಾ_ಕನ್ನಡಿಗ

ಚಹಾ ಅಂದ್ರಲ್ಲ, ಗುಲಾಬಿ ಬಣ್ಣದ ಕಾಶ್ಮೀರಿ ಚಹಾ ಮಾಡಿಸಿ. ಹಸಿರು ಚಹಾ ಎಲೆಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಬಹಳ ಹೊತ್ತು ಕುದಿಸಿ, ತಣ್ಣೀರು ಎರೆದು ಮೇಲಿನಿಂದ ಹೊಯ್ಯುತ್ತಾ ಇರಬೇಕು, ಆಮೇಲೆ ಹಾಲು. ಗುಂಪಿನ ಯಾವುದಾದರೂ ಅಜ್ಜಿಗೆ ಹೇಳಿ, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ. ಸೋಡಾ ಅಳತೆ ಅವರಿಗೇ ಬಿಡಿ, ಜಾಸ್ತಿಯಾದರೆ ಕುಡಿಯಲಾಗುವುದಿಲ್ಲ.